ಬಾಣ ಹೊತ್ತು ತಂದ ಮಾತು

ನನ್ನ ಹೆಂಡತಿಯ ತಮ್ಮನಿಗೆ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವನು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತಾನೆ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಕೋಣೆ. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ಇಳಿಯಬೇಕಾದಂಥ ಮೆಟ್ಟಿಲು. ಒಳಗೆ ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಬಾಯಿ ತೆರೆದು ಕೂತ ಬಿಳಿ ದವಡೆಗಳು. ಮೊದಲ ಸಲ ಹೋದವರು ಬೆಚ್ಚಿಬೀಳುತ್ತಾರೆ. ಕಿಟಕಿಯ ಪಕ್ಕ ಉಜ್ಜುವ ಯಂತ್ರ, ಅದರ ಹಿಂದೆ ಮೊಳೆಗೆ ನೇತುಹಾಕಿದ ಹೆಲ್ಮೆಟ್ಟು. ಬೆಳಗಿನ ಜಾವದಿಂದ ಸೈಕಲ್ ತುಳಿದು ಬಂದು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಅಂಗಿ ಬದಲಿಸಿ ಕೆಲಸಕ್ಕೆ ಕೂತನೆಂದರೆ ಮಧ್ಯಾಹ್ನದವರೆಗೆ ತಲೆಯೆತ್ತುವುದಿಲ್ಲ. ದೇಶದ ಸೈಕಲ್ ತಂಡದಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಲ್ಲಣ್ಣ ಎಂದೇ.

ಸೈಕಲ್ ರೇಸು ನೋಡಿ ಅಭ್ಯಾಸವಿಲ್ಲದವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ರಸ್ತೆಯ ಮೇಲಿನ ದೊಡ್ಡ ರೇಸುಗಳಲ್ಲಿ ಎಲ್ಲರೂ ತಾವೇ ಗೆಲ್ಲಬೇಕೆಂದು ತುಳಿಯುವುದಿಲ್ಲ. ತಂಡದಲ್ಲಿ ಒಬ್ಬ ಮುಖ್ಯ ಸವಾರ, ಅವನೇ ಯಜಮಾನ. ಉಳಿದವರು ಅವನಿಗಾಗಿ ದುಡಿಯುವವರು. ಮುಂದಿರುವವನ ಎದೆಗೆ ಗಾಳಿ ಬಡಿಯುತ್ತದೆ, ಅವನ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಶ್ರಮ ಎಷ್ಟೋ ಕಡಿಮೆ. ಹಾಗಾಗಿ ದುಡಿಯುವವನು ದಿನವಿಡೀ ಮುಂದಿದ್ದು ಗಾಳಿ ತಿನ್ನುತ್ತಾನೆ, ಹಿಂದೆ ಬರುವ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಹೊತ್ತು ತರುತ್ತಾನೆ, ಯಜಮಾನನ ಚಕ್ರ ಪಂಕ್ಚರ್ ಆದರೆ ತನ್ನದನ್ನು ಬಿಚ್ಚಿ ಕೊಡುತ್ತಾನೆ. ಕೊನೆಯ ಕಿಲೋಮೀಟರಿನಲ್ಲಿ ಯಜಮಾನ ಹಾರಿ ಮುಂದೆ ಹೋದರೆ ಇವನ ದಿನದ ಕೂಲಿ ಮುಗಿದಂತೆ. ಹದಿನಾಲ್ಕು ವರ್ಷ ಹಲ್ಲಣ್ಣ ಮಾಡಿದ್ದು ಇದನ್ನೇ. ಮೂವರು ಯಜಮಾನರನ್ನು ಕಂಡ. ಅವರ ಫೋಟೋಗಳು ಪೇಪರಿನಲ್ಲಿ ಬಂದವು. ಇವನದು ಬಂದಾಗಲೆಲ್ಲ ಅರ್ಧ ಮೊಣಕೈ ಬಂತು.

ನನ್ನ ಹೆಂಡತಿ ಸಿಟಿ ಬಸ್ಸಿನ ಡ್ರೈವರು. ಅವಳೂ ಒಂದು ಕಾಲಕ್ಕೆ ರೇಸಿನವಳೇ. ನನ್ನ ಸೈಕಲ್ ಅಂಗಡಿಗೆ ಹಿಂದಿನ ಚಕ್ರ ಸರಿಮಾಡಿಸಿಕೊಳ್ಳಲು ಬಂದು, ನಾನು ಕಡ್ಡಿ ಬಿಗಿದ ರೀತಿ ಸರಿಯಿಲ್ಲವೆಂದು ಜಗಳ ತೆಗೆದಳು. ಆ ಜಗಳವೇ ಬೆಳೆದು ಮದುವೆಯಾಯಿತು, ಇನ್ನೂ ನಡೆದೇ ಇದೆ. ಆಗ ಹೆಂಗಸರಿಗೆ ತಂಡವಿರಲಿಲ್ಲ. ಒಬ್ಬಳೇ ಎಷ್ಟು ದಿನ ತುಳಿದಾಳು? ಸ್ಟಿಯರಿಂಗ್ ಹಿಡಿದಳು; ಸೈಕಲ್ಲಿನ ಆಸೆಯನ್ನು ತಮ್ಮನ ಮೇಲೆ ಹಾಕಿದಳು. ಬೆಳಿಗ್ಗೆ ಡಿಪೋದಿಂದ ಮೊದಲ ಸ್ಟಾಪಿನವರೆಗೆ ಬಸ್ಸು ಖಾಲಿ ಹೋಗಬೇಕು, ಊರ ಹೊರಗಿನ ಅಗಲವಾದ ರಸ್ತೆ. ಬಸ್ಸಿನ ಬೆನ್ನಿಗೆ ಗಾಳಿಯ ಮರೆಯಿರುತ್ತದಲ್ಲ, ಅಲ್ಲಿ ತಮ್ಮನಿಂದ ಸೈಕಲ್ ತುಳಿಸುತ್ತಿದ್ದಳು. ನಿಯಮಕ್ಕೆ ವಿರುದ್ಧ, ಆದರೆ ಡಿಪೋ ಮ್ಯಾನೇಜರು ಆ ಹೊತ್ತಿಗೆ ಸರಿಯಾಗಿ ಟೀ ಕುಡಿಯಲು ಒಳಗೆ ಹೋಗಿಬಿಡುತ್ತಿದ್ದರು. ಗೇಟಿನ ಬಳಿ ಅವಳು ಒಂದೇ ಸಲ ಕೂಗುವಳು: "ಬಸ್ಸು ಹೊರಟಿತು!" ಅವನು ಶೂ ಕಟ್ಟುತ್ತಿರಲಿ, ಕೆಮ್ಮುತ್ತಿರಲಿ, ಮತ್ತೆ ಕೂಗುವುದಿಲ್ಲ, ನಿಲ್ಲಿಸುವುದೂ ಇಲ್ಲ. ಹಿಡಿಯಬೇಕಾದವನು ಅವನು. ಹೀಗೆ ತಯಾರಾದವನು ನಮ್ಮ ಹಲ್ಲಣ್ಣ.

ಮುಂದೆ ಸೈಕಲ್ ಸಂಘದವರು ಅವಳನ್ನೇ ತಂಡದ ತರಬೇತಿಗೆ ಹಾಕಿದರು. ರೇಸಿನ ದಿನ ತಂಡದ ಕಾರು ಓಡಿಸುವವಳೂ ಅವಳೇ. ಹಿಂದಿನ ಸೀಟಿನಲ್ಲಿ ಚಕ್ರಗಳ ನಡುವೆ ಸ್ಪ್ಯಾನರು ಹಿಡಿದು ಮುದುಡಿ ಕೂರುವವನು ನಾನು. ಹುಡುಗರಿಗೆಲ್ಲ ಅವಳು ಅಕ್ಕ, ನಾನು ಭಾವ.

ಈಗ ಬಾಣನ ವಿಷಯ. ನಮ್ಮ ನಾಲ್ಕನೆಯ ಯಜಮಾನ. ಇಪ್ಪತ್ತೆರಡರ ಪ್ರಾಯ, ಮೈಯಲ್ಲಿ ಒಂದು ಚೂರೂ ಹೆಚ್ಚಿನ ಮಾಂಸವಿಲ್ಲ. ದಿಣ್ಣೆ ಬಂತೆಂದರೆ ಉಳಿದವರೆಲ್ಲ ಹಲ್ಲು ಕಚ್ಚುವಾಗ ಇವನು ಹಾಡು ಗುನುಗುತ್ತಾ ಏರುವವನು. ಬಾಯಿ ಸ್ವಲ್ಪ ಜಾಸ್ತಿ. ಕನ್ನಡಿ ಸಿಕ್ಕರೆ ತಲೆ ಬಾಚದೆ ಮುಂದೆ ಹೋಗುವವನಲ್ಲ. "ಹಲ್ಲಣ್ಣಾ, ನಾನು ಮೆಡಲ್ ಗೆದ್ದರೆ ಅದನ್ನ ಕಚ್ಚಿ ಫೋಟೋಗೆ ನಿಲ್ಲಬೇಕಲ್ಲ, ಹಲ್ಲು ಮುರಿದರೆ ನೀನೇ ಕಟ್ಟಿಕೊಡಬೇಕು" ಎಂದು ತಮಾಷೆ ಮಾಡುತ್ತಿದ್ದ. "ಮುಂದಿನ ಎರಡು ಮಾತ್ರ ಕಟ್ಟಿಕೊಡ್ತೀನಿ, ಮಾತು ಕಮ್ಮಿಯಾಗಲಿ" ಎನ್ನುತ್ತಿದ್ದ ಹಲ್ಲಣ್ಣ. ದೇಶದೇಶಗಳ ಆಟಗಾರರೆಲ್ಲ ಸೇರುವ ಆ ದೊಡ್ಡ ಕ್ರೀಡಾಕೂಟಕ್ಕೆ ನಮಗೆ ಸಿಕ್ಕಿದ್ದು ಮೂರು ಜಾಗ. ಬಾಣ ಒಬ್ಬ, ಹಲ್ಲಣ್ಣ ಒಬ್ಬ, ಮೂರನೆಯವರು ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು.

ಆಟಗಾರರ ವಸತಿಯಲ್ಲಿ ಮೂವರಿಗೂ ಒಂದೇ ಕೋಣೆ. ಒಗೆದ ಅಂಗಿಗಳು ಕಿಟಕಿಯ ಸರಳಿಗೆ, ಒಣಗದ ಕಾಲುಚೀಲಗಳು ಬಲ್ಬಿನ ಪಕ್ಕಕ್ಕೆ. ರೇಸಿನ ಬೆಳಿಗ್ಗೆ ನನ್ನ ಹೆಂಡತಿ ಒಂದು ಮಂಚದ ತುದಿಯಲ್ಲಿ ಕೂತು, ಹಾಸಿಗೆಯ ಮೇಲೆ ಬೆರಳಿನಿಂದ ದಾರಿ ಎಳೆದು ತೋರಿಸಿದಳು. ಊರ ಹೊರಗೆ ಉದ್ದದ ಬಯಲು ದಾರಿ. ಆಮೇಲೆ ಊರೊಳಗೆ ಬಂದು ಒಂದು ಗುಡ್ಡವನ್ನು ಸುತ್ತಿ ಸುತ್ತಿ ಹತ್ತಿ ಇಳಿಯಬೇಕು. ಗುಡ್ಡದ ನೆತ್ತಿಯ ಮೇಲೆ ಟಿವಿ ಗೋಪುರ.

"ಮೇಷ್ಟ್ರೇ, ಬಯಲಲ್ಲಿ ನೀವು ಬಾಣನ್ನ ಗಾಳಿಯಿಂದ ಕಾಯಬೇಕು. ಗುಡ್ಡ ಬರೋ ಹೊತ್ತಿಗೆ ನೀವು ಸುಸ್ತಾಗಿ ಬಿದ್ದರೂ ಪರವಾಗಿಲ್ಲ" ಎಂದಳು.

"ಅದಕ್ಕೇನಮ್ಮ, ಬೀಳೋದು ನನಗೆ ಚೆನ್ನಾಗಿ ಬರುತ್ತೆ" ಎಂದರು ಮೇಷ್ಟ್ರು.

"ನೀನು" ಎಂದು ತಮ್ಮನ ಕಡೆ ತಿರುಗಿದಳು, "ಮೊದಲು ಯಾರು ಓಡಿಹೋಗ್ತಾರೋ ಅವರ ಜೊತೆ ಹೋಗು. ಮುಂದಿನ ಗುಂಪಲ್ಲಿ ಕೂತಿರು. ಕೊನೆಯಿಂದ ಎರಡನೇ ಸಲ ಗುಡ್ಡ ಹತ್ತುವಾಗ ಬಾಣ ಹಿಂದಿನಿಂದ ಹಾರಿ ಬರ್ತಾನೆ. ನೀನು ಗೋಪುರದ ಹತ್ತಿರ ಕಾಲು ಬಿಟ್ಟು, ನಿಧಾನ ಮಾಡಿ, ಅವನಿಗೆ ಕಾಯಿ. ಅವನು ಸಿಕ್ಕಿದ ಮೇಲೆ ನಿನ್ನ ಹತ್ತಿರ ಏನಿದೆಯೋ ಅದೆಲ್ಲ ಅವನಿಗೆ."

"ಆಯ್ತಕ್ಕ" ಎಂದ ಹಲ್ಲಣ್ಣ. ಅವನು ಅಕ್ಕನಿಗೆ ಬೇರೆ ಉತ್ತರ ಕೊಟ್ಟಿದ್ದನ್ನು ನಾನು ಕೇಳಿಲ್ಲ.

ಈ ಕೂಟದ ರೇಸಿನಲ್ಲಿ ಒಂದು ತೊಡಕಿದೆ. ಬೇರೆ ರೇಸುಗಳಲ್ಲಿ ಸವಾರರ ಕಿವಿಯಲ್ಲಿ ರೇಡಿಯೋ ಇರುತ್ತದೆ, ಕಾರಿನಿಂದಲೇ ಮಾತಾಡಬಹುದು. ಇಲ್ಲಿ ಅದಿಲ್ಲ. ಏನಾದರೂ ಹೇಳಬೇಕೆಂದರೆ ಸವಾರನೇ ಹಿಂದೆ ಸರಿದು ಕಾರಿನ ಕಿಟಕಿಗೆ ಬರಬೇಕು. ಕಾರಿನೊಳಗಿನ ರೇಡಿಯೋ ಸಂಘಟಕರದು. ಅದು ಬರೀ ನಂಬರುಗಳನ್ನೂ ಅಂತರವನ್ನೂ ಹೇಳುತ್ತದೆ. ನಮ್ಮಂಥ ಸಣ್ಣ ತಂಡದ ಕಾರು ಸಾಲಿನ ಕಟ್ಟಕಡೆಗೆ, ಆಂಬುಲೆನ್ಸಿನ ಮುಂದೆ. ರೇಸಿನ ಬಹುಪಾಲು ನಮಗೆ ಕಾಣುವುದು ಮುಂದಿನ ಕಾರಿನ ಡಿಕ್ಕಿಯೇ.

ಎಲ್ಲ ಅವಳು ಹೇಳಿದಂತೆಯೇ ಶುರುವಾಯಿತು. ಊರು ದಾಟುತ್ತಿದ್ದಂತೆ ಎಂಟು ಜನ ಕಿತ್ತುಕೊಂಡು ಹೋದರು. ರೇಡಿಯೋ ಓದಿದ ನಂಬರುಗಳಲ್ಲಿ ನೂರ ಹದಿನೆಂಟು ಇತ್ತು. ಅದು ನಮ್ಮವನದು. "ಕೂತ" ಎಂದಳು ನನ್ನ ಹೆಂಡತಿ, ಬಸ್ಸಿಗೆ ಕೊನೆಯ ಪ್ರಯಾಣಿಕ ಹತ್ತಿದ ಹಾಗೆ.

ಬಯಲಿನಲ್ಲಿ ಅಡ್ಡಗಾಳಿ ಬೀಸುತ್ತಿತ್ತು. ಮೇಷ್ಟ್ರು ತಾವು ಹೇಳಿದ್ದಕ್ಕಿಂತ ಹೆಚ್ಚೇ ದುಡಿದರು. ಹೊತ್ತು ನೆತ್ತಿಗೇರುವಾಗ ರಸ್ತೆಯಂಚಿಗೆ ಸೈಕಲ್ ಒರಗಿಸಿಕೊಂಡು ನಿಂತಿದ್ದವರು ನಮ್ಮ ಕಾರು ಕಂಡು ಕೈಯೆತ್ತಿದರು. ಮುಖವೆಲ್ಲ ಉಪ್ಪು. "ನನ್ನ ಪಾಠ ಮುಗೀತು ಅಕ್ಕ. ಆದರೆ ಹುಡುಗ ಯಾಕೋ ಇವತ್ತು ಮಾತಾಡ್ತಿಲ್ಲ" ಎಂದರು. ಅವರನ್ನು ನನ್ನ ಪಕ್ಕಕ್ಕೆ ತುರುಕಿಕೊಂಡೆವು. ಬಾಣ ಮಾತಾಡುತ್ತಿಲ್ಲ ಎಂದರೆ ಏನೋ ಕೆಟ್ಟಿದೆ ಎಂದು ನಮಗೆ ಮೂವರಿಗೂ ಗೊತ್ತು.

ಊರೊಳಗೆ ಗುಡ್ಡದ ಸುತ್ತು ಶುರುವಾಯಿತು. ಮೊದಲ ಏರಿನಲ್ಲೇ ಬಾಣ ದೊಡ್ಡ ಗುಂಪಿನ ಬಾಲದಲ್ಲಿ ಜೋತಾಡುವುದು ಕಂಡಿತು. ಎರಡನೆಯದರಲ್ಲಿ ಕಳಚಿಕೊಂಡ, ಇಳಿಜಾರಿನಲ್ಲಿ ಹೇಗೋ ಮತ್ತೆ ಸೇರಿದ. ಮೂರನೆಯದರಲ್ಲೂ ಅದೇ. ಆಮೇಲೆ ಅವನು ಕೈಯೆತ್ತಿ, ಕಾರುಗಳ ಸಾಲಿನಲ್ಲಿ ಒಂದೊಂದನ್ನೇ ಬಿಟ್ಟುಕೊಡುತ್ತಾ ನಮ್ಮ ಕಿಟಕಿಗೆ ಬಂದ. ತುಟಿ ಬೆಳ್ಳಗಾಗಿತ್ತು.

"ಅಕ್ಕ, ಆಗ್ತಿಲ್ಲ."

"ಹೊಟ್ಟೆಯೇನೋ?"

"ಹೊಟ್ಟೆ ಅಲ್ಲ, ಎಲ್ಲ ಸರಿ ಇದೆ. ಕಾಲಲ್ಲಿ ಏನೂ ಇಲ್ಲ ಅಷ್ಟೇ. ಬೆಳಿಗ್ಗೆಯಿಂದ ಹುಡುಕ್ತಿದ್ದೀನಿ, ಸಿಗ್ತಿಲ್ಲ."

ಇಂಥ ದಿನ ಎಂಥ ಸವಾರನಿಗೂ ಬರುತ್ತದೆ. ನಾಲ್ಕು ವರ್ಷ ಕಾದ ದಿನವೇ ಬರುವುದು ದುರದೃಷ್ಟ. ನನ್ನ ಹೆಂಡತಿ ಅವನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಾಟಲಿ ಚಾಚಿದಳು, ಅವನು ಅದನ್ನು ಹಿಡಿದುಕೊಂಡು ಒಂದು ಗಳಿಗೆ ಕಾರಿನ ಜೊತೆಗೇ ತೇಲಿದ.

ಆಗ ಮೇಷ್ಟ್ರು ಹಿಂದಿನಿಂದ ಅಂದರು: "ಹಲ್ಲಣ್ಣನಿಗೆ ಇದು ಗೊತ್ತಿಲ್ಲವಲ್ಲಾ."

ನಿಜ. ಮುಂದಿನ ಗುಂಪು ಇನ್ನೂ ಯಾರ ಕೈಗೂ ಸಿಗದೆ ಓಡುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕೊನೆಯಿಂದ ಎರಡನೆಯ ಏರು. ಗೋಪುರ ಬಂದ ಕೂಡಲೇ ಹಲ್ಲಣ್ಣ ಕಾಲು ಬಿಡುತ್ತಾನೆ. ಬರದೇ ಇರುವವನಿಗಾಗಿ ಕಾಯುತ್ತಾ ನಿಲ್ಲುತ್ತಾನೆ. ಗುಂಪು ಹೋಗಿಬಿಡುತ್ತದೆ, ಹಿಂದಿನವರು ಬಂದು ಅವನನ್ನು ನುಂಗುತ್ತಾರೆ, ನಮ್ಮ ಮೂವರ ರೇಸೂ ಅಲ್ಲಿಗೆ ಮುಗಿಯುತ್ತದೆ.

"ಕಾರು ಮುಂದಕ್ಕೆ ತಗೋ" ಎಂದೆ.

"ಹೇಗ್ರೀ ತಗೊಳ್ಳಲಿ? ಅಂತರ ಒಂದು ನಿಮಿಷ ಇಲ್ಲದೆ ಬಿಡಲ್ಲ. ಈಗ ನಲವತ್ತು ಸೆಕೆಂಡು" ಎಂದಳು. ಮುಂದೆ ತೀರ್ಪುಗಾರರ ಮೋಟಾರ್ ಸೈಕಲ್ಲು ಅಡ್ಡಲಾಗಿ ಹೋಗುತ್ತಿದ್ದುದು ನನಗೂ ಕಂಡಿತು.

ಬಾಣ ಎರಡು ಗುಟುಕು ಕುಡಿದು ಬಾಯಿ ಒರೆಸಿಕೊಂಡ. "ನಾನು ಹೋಗಿ ಹೇಳ್ತೀನಿ" ಎಂದ.

"ಕಾಲಲ್ಲಿ ಏನೂ ಇಲ್ಲ ಅಂದೆಯಲ್ಲೋ ಈಗ!"

"ಗೆಲ್ಲೋಕೆ ಇಲ್ಲ ಭಾವ. ಒಂದು ಮಾತು ಹೇಳಿಬರೋಷ್ಟು ಎಲ್ಲಾದರೂ ಇರುತ್ತೆ, ಕೆರೆದು ತೆಗೀತೀನಿ."

ನನ್ನ ಹೆಂಡತಿ ಅವನ ಮುಖವನ್ನೇ ನೋಡಿದಳು. "ನೀನು ಎದ್ದು ಹೊರಟರೆ ದೊಡ್ಡೋರೆಲ್ಲ ಬೆನ್ನು ಹತ್ತುತಾರೆ ಕಣೋ. ಎಲ್ಲರನ್ನೂ ಕರ್ಕೊಂಡು ಹೋಗಿ ಅವನ ಹತ್ತಿರ ಬಿಟ್ಟ ಹಾಗಾಗುತ್ತೆ."

"ಅಕ್ಕ, ನನ್ನ ಮುಖ ನೋಡು. ಈ ಮುಖದ ಹಿಂದೆ ಯಾವ ಬುದ್ಧಿ ಇರೋನು ಬರ್ತಾನೆ?"

ಅಂಥ ಹೊತ್ತಿನಲ್ಲೂ ಮೇಷ್ಟ್ರು ನಕ್ಕುಬಿಟ್ಟರು. ನನ್ನ ಹೆಂಡತಿ ನಗಲಿಲ್ಲ. ಕಾರನ್ನು ಒಂದು ತಿರುವು ದಾಟಿಸಿದಳು. ಆಮೇಲೆ ಹೇಳಿದಳು: "ಸುಮ್ಮನೆ ಹೋಗು ಅಂದ್ರೆ ಅವನು ಹೋಗಲ್ಲ. ನಿನ್ನನ್ನೇ ಎಳ್ಕೊಂಡು ಹೋಗೋಕೆ ನೋಡ್ತಾನೆ. ಬಸ್ಸು ಹೊರಟಿತು ಅಂತ ಹೇಳು. ಅಕ್ಕ ಅಂದಳು ಅನ್ನು."

"ಅಷ್ಟೇನಾ?"

"ಅಷ್ಟು ಸಾಕು."

ಅಲ್ಲಿಂದ ಮುಂದಿನದನ್ನು ನಾವು ಕಣ್ಣಾರೆ ಕಂಡಿಲ್ಲ. ಅವರಿಬ್ಬರೂ ಹೇಳಿದ್ದು, ಟಿವಿಯಲ್ಲಿ ಆಮೇಲೆ ಮತ್ತೆ ಮತ್ತೆ ಹಾಕಿ ನೋಡಿದ್ದು, ಎರಡನ್ನೂ ಕೂಡಿಸಿ ಹೇಳುತ್ತೇನೆ.

ಬಾಣ ದೊಡ್ಡ ಗುಂಪಿನ ಎಡಪಕ್ಕದಿಂದ ಏರಿದ. ಹೆಸರುವಾಸಿ ಸವಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆಳಿಗ್ಗೆಯಾಗಿದ್ದರೆ ಐದು ಜನ ಅವನ ಚಕ್ರಕ್ಕೆ ಅಂಟಿಕೊಳ್ಳುತ್ತಿದ್ದರು. ಈಗ ಒಬ್ಬ ಭುಜ ಕುಣಿಸಿದ, ಇನ್ನೊಬ್ಬ ನೀರು ಕುಡಿಯತೊಡಗಿದ. ಮೂರು ಸಲ ಕಳಚಿಕೊಂಡವನು ಸಾಯುವ ಮುಂಚೆ ಒಮ್ಮೆ ಒದ್ದಾಡುತ್ತಿದ್ದಾನೆ ಎಂದುಕೊಂಡರು. ಅವರ ಲೆಕ್ಕ ತಪ್ಪೇನೂ ಇರಲಿಲ್ಲ.

ಆ ಗುಡ್ಡವನ್ನು ಆ ದಿನ ಬಾಣ ಹತ್ತಿದ್ದನ್ನು ಹೇಗೆ ಹೇಳಲಿ? ಹಾಡು ಗುನುಗುತ್ತಾ ಏರುವ ಹುಡುಗನನ್ನು ನಾವೆಲ್ಲ ಕಂಡಿದ್ದೆವು. ಅದು ಅವನ ಹುಟ್ಟುಗುಣ, ನೋಡಲು ಸೊಗಸು. ಈ ಸಲದ್ದರಲ್ಲಿ ಸೊಗಸು ಎಂಬುದೇ ಇರಲಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಸೈಕಲ್ಲು ರಸ್ತೆಯ ಆ ಅಂಚಿನಿಂದ ಈ ಅಂಚಿಗೆ ಹೊಯ್ದಾಡುತ್ತಿತ್ತು. ಬೇಲಿಯಾಚೆ ನಿಂತ ಜನ ಮೊದಲು ಕೂಗುತ್ತಿದ್ದವರು ಅವನು ಹತ್ತಿರವಾದ ಮೇಲೆ ಕೂಗುವುದನ್ನೇ ಮರೆತು ನೋಡಿದರು. ನನ್ನ ಅಂಗಡಿಯಲ್ಲಿ ಎಷ್ಟೋ ಸವಾರರನ್ನು ಕಂಡಿದ್ದೇನೆ. ಗೆಲುವು ಎದುರಿಗಿದ್ದಾಗ ಪ್ರಾಣ ಹಿಂಡಿ ತುಳಿಯುವವರು ಬೇಕಾದಷ್ಟು ಜನ. ತನಗೆ ಏನೂ ಸಿಗದೆಂದು ಗೊತ್ತಿದ್ದು ಹಾಗೆ ತುಳಿದವನನ್ನು ಅದೊಂದೇ ಸಲ ನೋಡಿದ್ದು.

ಗೋಪುರ ಇನ್ನೂ ಒಂದು ತಿರುವಿನಷ್ಟು ದೂರವಿತ್ತು. ಹಲ್ಲಣ್ಣ ಆಗಲೇ ಗುಂಪಿನ ಕೊನೆಗೆ ಸರಿದು ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದ. ಕೆಳಗೆ ನಮ್ಮ ಬಣ್ಣದ ಅಂಗಿ ಕಂಡಿತು. ಅವನ ಮುಖ ಅರಳಿತು.

"ಬಂದೆಯಾ! ಬಾ, ಬೆನ್ನಿಗೆ ಬಾ" ಎಂದು ಮುಂದೆ ಸರಿಯಹೋದ.

"ನನ್ನ ಕಾಯಬೇಡ" ಎಂದ ಬಾಣ. ಒಂದೊಂದು ಮಾತಿಗೂ ಒಂದೊಂದು ಉಸಿರು. "ನನ್ನದು ಮುಗೀತು. ನೀನು ಹೋಗು."

"ಹುಚ್ಚಾ ನಿನಗೆ? ಇಷ್ಟು ಬಂದಿದ್ದೀಯಾ, ಇನ್ನೇನು, ನಾನು ಎಳೀತೀನಿ ಬಾರೋ."

"ಹಲ್ಲಣ್ಣಾ. ಬಸ್ಸು ಹೊರಟಿತು."

ಹಲ್ಲಣ್ಣ ಅವನನ್ನೇ ನೋಡಿದನಂತೆ. "ಯಾರು ಹೇಳಿದ್ದು?"

"ಅಕ್ಕ."

ಆಮೇಲೆ ಬಾಣ ಮಾಡಿದ್ದು ನಮ್ಮ ಮಾತಿನಲ್ಲಿ ಇರಲಿಲ್ಲ. ತನ್ನ ಬಾಟಲಿಯನ್ನು ಕಿತ್ತು ಹಲ್ಲಣ್ಣನ ಕೈಗೆ ಕೊಟ್ಟ. ಮುಂದೆ ಬಂದು ಅವನಿಗೆ ಗಾಳಿಯ ಮರೆಯಾದ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಹಲ್ಲಣ್ಣ ಯಜಮಾನನ ಬೆನ್ನ ಹಿಂದೆ ಕೂತ. ಬಾಣ ಗೋಪುರದವರೆಗೂ ಎಳೆದ, ಮುಂದಿನ ಏಳು ಜನರ ಸರಿಸಮಕ್ಕೆ ತಂದು ಬಿಟ್ಟ. ಪಕ್ಕಕ್ಕೆ ವಾಲಿದವನು ಬೇಲಿಗೆ ಹೋಗಿ ಒರಗಿದ. ದಪ್ಪ ಮೀಸೆಯ ಒಬ್ಬರು ಬೇಲಿಯಾಚೆಯಿಂದಲೇ ಅವನ ಎರಡೂ ತೋಳು ಹಿಡಿದು ಬೀಳದಂತೆ ನಿಲ್ಲಿಸಿಕೊಂಡರು. ನಮ್ಮ ಕಾರು ಅಲ್ಲಿಗೆ ಬಂದಾಗ ಅವನು ಇನ್ನೂ ಆ ಅಪರಿಚಿತರ ತೋಳಿನಲ್ಲೇ ಇದ್ದ. ಹೆಬ್ಬೆರಳು ಎತ್ತಿ ತೋರಿಸಿದ. "ಹೋದನಾ?" ಎಂದು ಕೂಗಿದಳು ನನ್ನ ಹೆಂಡತಿ. ಅವನು ತಲೆಯಾಡಿಸಿದ. ಹತ್ತಿಸಿಕೊಳ್ಳಲೇ ಎಂದು ಕೇಳಿದರೆ ಕೈಯಲ್ಲೇ ಬೇಡ ಎಂದ. ಪೂರ್ತಿ ಮುಗಿಸಿಯೇ ಬರುವವನಂತೆ.

ಕೊನೆಯ ಏರಿನಲ್ಲಿ ಎಂಟು ಜನರ ಗುಂಪು ನಾಲ್ಕಕ್ಕೆ ಇಳಿಯಿತು. ನೀಲಿ ಅಂಗಿಯವನೊಬ್ಬ, ಕೆಂಪು ಅಂಗಿಯವನೊಬ್ಬ, ಹಸಿರು ಅಂಗಿಯವನೊಬ್ಬ, ನೂರ ಹದಿನೆಂಟು. ರೇಡಿಯೋ ಆ ನಂಬರನ್ನು ಹೇಳಿದಾಗಲೆಲ್ಲ ಮೇಷ್ಟ್ರು ನನ್ನ ತೊಡೆ ಹಿಂಡುತ್ತಿದ್ದರು. ನಾನು ಮೊಬೈಲಿನಲ್ಲಿ ನೇರ ಪ್ರಸಾರ ಹಾಕಿಕೊಂಡೆ. ಹೆಸರಿಗೆ ನೇರ, ಚಿತ್ರ ರೇಡಿಯೋಗಿಂತ ಒಂದೆರಡು ನಿಮಿಷ ತಡವಾಗಿ ಬರುತ್ತಿತ್ತು.

"ಏನು ಮಾಡ್ತಿದ್ದಾನೆ ಹೇಳಿ" ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಮುಂದಿದ್ದಾನೆ."

"ಮುಂದೆ ಅಂದ್ರೆ?"

"ಎಲ್ಲರಿಗಿಂತ ಮುಂದೆ. ಗಾಳಿ ತಿಂತಿದ್ದಾನೆ. ಮೂವರೂ ಅವನ ಹಿಂದೆ ಕೂತಿದ್ದಾರೆ."

"ಅಯ್ಯೋ ದೇವರೇ, ಅವರಿಗೂ ದುಡೀತಿದ್ದಾನಾ ಇವನು!" ಎಂದು ಸ್ಟಿಯರಿಂಗಿಗೆ ಅಂಗೈ ಬಡಿದಳು. "ಸ್ವಲ್ಪ ಹಿಂದೆ ಕೂರಬಾರದಾ? ಒಂದು ದಿನವಾದರೂ ಕೂರಬಾರದಾ?"

ಆದರೆ ಅವನಿಗೆ ಕೂರಲು ಬರುತ್ತಿರಲಿಲ್ಲ. ಗೆಲ್ಲುವವರು ಕೊನೆಯಲ್ಲಿ ಆಡುವ ಆಟಗಳೇ ಬೇರೆ. ಓರೆಗಣ್ಣಿಂದ ಅಳೆಯುವುದು, ಸುಸ್ತಾದವನಂತೆ ನಟಿಸುವುದು, ಇನ್ನೊಬ್ಬನನ್ನು ಮುಂದೆ ಬಿಟ್ಟು ಅವನ ಶಕ್ತಿ ತೀರಿಸುವುದು. ಹಲ್ಲಣ್ಣ ಇವನ್ನೆಲ್ಲ ನೂರು ಸಲ ಹತ್ತಿರದಿಂದ ನೋಡಿದ್ದ, ಒಮ್ಮೆಯೂ ಮಾಡಿರಲಿಲ್ಲ. ಅವನಿಗೆ ಬರುತ್ತಿದ್ದುದು ಒಂದೇ. ಎದೆ ತಗ್ಗಿಸಿ ಎಳೆಯುವುದು, ಆಮೇಲೆ ಇನ್ನಷ್ಟು ಜೋರಾಗಿ ಎಳೆಯುವುದು.

ಗುಡ್ಡದಿಂದ ಇಳಿದು ನಾವು ಊರಿನ ದೊಡ್ಡ ಬೀದಿಗೆ ತಿರುಗಿದೆವು. ಎರಡೂ ಪಕ್ಕ ಬಾಲ್ಕನಿಗಳ ತುಂಬ ಜನ. ಕಾರಿನ ರೇಡಿಯೋ ಕರಕರ ಎಂದಿತು. ಮೊದಲು ಗೆರೆ ದಾಟಿದವನ ನಂಬರು ಹೇಳಿತು, ನೀಲಿ ಅಂಗಿಯವನದು. ಇನ್ನೊಂದು ನಂಬರು, ಕೆಂಪು ಅಂಗಿಯವನದು. ಆಮೇಲೆ ಸದ್ದಿಲ್ಲ. ನನ್ನ ಕೈಯಲ್ಲಿದ್ದ ಮೊಬೈಲಿನಲ್ಲಿ ಹಲ್ಲಣ್ಣ ಇನ್ನೂ ತುಳಿಯುತ್ತಲೇ ಇದ್ದ, ಅವನಿಗೆ ಇನ್ನೂ ಒಂದು ಕಿಲೋಮೀಟರು ಬಾಕಿಯಿತ್ತು. ಗೆರೆಯ ಮೇಲೆ ತೆಗೆದ ಚಿತ್ರ ನೋಡಿ ಫಲಿತಾಂಶ ಹೇಳುತ್ತೇವೆ, ತಾಳಿ ಎಂದಿತು ರೇಡಿಯೋ. ತಾಳಿದೆವು. ಆಮೇಲೆ ಮೂರನೆಯ ನಂಬರು ಬಂತು.

ನನ್ನ ಹೆಂಡತಿ ಕಾರಿನ ವೇಗ ಇಳಿಸಿದಳು. "ಮೂರು" ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. "ರೀ, ನಮ್ಮವನು ಮೂರನೆಯವನು."

ಮೇಷ್ಟ್ರು ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನಾನು ಅಳಲಾರದೆ ಮೊಬೈಲನ್ನೇ ನೋಡಿದೆ. ಕೊನೆ ಗೊತ್ತಾಗಿ ನೋಡುವ ಸುಖವೇ ಬೇರೆ; ಭಯವಿಲ್ಲದೆ ಅವನನ್ನು ಕಣ್ತುಂಬ ನೋಡಿದೆ. ಅವನು ಇನ್ನೂ ಮುಂದಿದ್ದ. ಆ ಮೂವರು ಕೊನೆಗೆ ಹಾರಬೇಕೆಂದು ಹೊಂಚು ಹಾಕುತ್ತಾ ಅವನ ಬೆನ್ನಿಗಿದ್ದರು. ಅವನು ವೇಗ ಏರಿಸಿದ. ಇನ್ನೂ ಏರಿಸಿದ. ಯಜಮಾನರನ್ನು ಹಾರಿಸಲು ಹೇಗೆ ಎಳೆಯುತ್ತಿದ್ದನೋ ಹಾಗೆಯೇ ಎಳೆದ. ವ್ಯತ್ಯಾಸವೆಂದರೆ ಈ ಸಲ ಪಕ್ಕಕ್ಕೆ ಸರಿಯಲಿಲ್ಲ. ನೀಲಿಯವನೂ ಕೆಂಪಿನವನೂ ಪ್ರಯಾಸಪಟ್ಟು, ಗೆರೆ ಕಣ್ಣಳತೆಗೆ ಬಂದ ಮೇಲೆ ಅವನನ್ನು ದಾಟಿದರು. ಹಸಿರಿನವನು ಅವನ ಭುಜದವರೆಗೆ ಬಂದ, ಮೊಣಕೈವರೆಗೆ ಬಂದ, ಮುಂದೆ ಬರಲಾಗಲಿಲ್ಲ. ಬೆನ್ನ ಹಿಂದೆ ಕೂತಿದ್ದೂ ಅವನ ಕಾಲುಗಳು ಸೋತಿದ್ದವು. ಇಬ್ಬರೂ ಗೆರೆಯ ಮೇಲೆ ಸೈಕಲ್ಲು ಮುಂದಕ್ಕೆ ಚಾಚಿದರು. ಹಲ್ಲಣ್ಣನ ಚಕ್ರ ಅಂಗೈಯಗಲ ಮುಂದಿತ್ತು.

ನಾವು ಹೋಗಿ ಸೇರಿದಾಗ ಅವನು ಬೇಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ಕಾಲುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ಸುತ್ತ ಕ್ಯಾಮೆರಾಗಳು. ಅವನಿಗೆ ಅವು ಯಾರಿಗಾಗಿ ಬಂದಿವೆ ಎಂದೇ ತಿಳಿದಂತಿರಲಿಲ್ಲ, ದಾರಿ ಬಿಡಲು ಆ ಪಕ್ಕ ಈ ಪಕ್ಕ ಸರಿಯುತ್ತಿದ್ದ.

"ಅಕ್ಕ, ಬಾಣ ಎಲ್ಲಿ?" ಎಂದ.

"ಬರ್ತಿದ್ದಾನೆ. ನೀನು ಮೊದಲು ನೀರು ಕುಡಿ."

"ನಾನು ಎಷ್ಟನೇಯೋನು? ಯಾರನ್ನ ಕೇಳಿದರೂ ಬೆನ್ನು ತಟ್ಟಿ ಹೋಗ್ತಾರೆ, ಹೇಳೋರೇ ಇಲ್ಲ."

ಅವಳು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಅವನ ಮುಖದ ಉಪ್ಪನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದಳು. "ಮೂರನೇಯೋನು ಕಣೋ" ಎಂದಳು. "ಒಳ್ಳೇದಲ್ವಾ ಅಕ್ಕ ಅದು?" ಎಂದು ಕೇಳಿದ. ಹದಿನಾಲ್ಕು ವರ್ಷ ಬೇರೆಯವರ ಸ್ಥಾನಗಳನ್ನೇ ಲೆಕ್ಕ ಹಾಕಿದವನು.

ಬಾಣ ಬಂದದ್ದು ಎಷ್ಟೋ ಹೊತ್ತಿನ ಮೇಲೆ, ಕಟ್ಟಕಡೆಯ ಗುಂಪಿನಲ್ಲಿ. ಗೆರೆ ದಾಟುತ್ತಲೇ ದೊಡ್ಡ ಪರದೆಯ ಮೇಲೆ ಹೆಸರುಗಳನ್ನು ನೋಡಿ, ಸೈಕಲ್ಲನ್ನು ನನ್ನ ಮೇಲೆ ಎಸೆದು, ಕುಂಟುತ್ತಾ ಹೋಗಿ ಹಲ್ಲಣ್ಣನ ಮೇಲೆ ಬಿದ್ದ. ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಒಬ್ಬ ವರದಿಗಾರ್ತಿ ಬಾಣನ ಮುಂದೆ ಮೈಕು ಹಿಡಿದಳು. "ನಿಮ್ಮ ಮೇಲೆ ದೇಶಕ್ಕೆಲ್ಲ ಆಸೆ ಇತ್ತು, ಏನಾಯ್ತು?" ಎಂದಳು. "ಇವತ್ತು ನನ್ನ ಕೆಲಸ ಟಪಾಲಿನದು ಮೇಡಂ, ಸರಿಯಾದ ಮನೆಗೆ ಮುಟ್ಟಿಸಿದೆ" ಎಂದ. ನಕ್ಕೇ ಹೇಳಿದ. ಆದರೆ ಮೈಕು ಸರಿದ ಮೇಲೆ ನನ್ನ ಹೆಗಲಿಗೆ ತಲೆಯಾನಿಸಿ ಸ್ವಲ್ಪ ಹೊತ್ತು ನಿಂತ. ಅವನಿಗೂ ಸಂಕಟವಿತ್ತು. ನಾಲ್ಕು ವರ್ಷದ ಕನಸು ಅವನದು. ನಾನು ಅವನ ಬೆನ್ನು ಸವರುತ್ತಾ ನಿಂತೆ.

ಬಾಣನ ತಾಯಿ ಊರಿನಿಂದ ನನ್ನ ಹೆಂಡತಿಗೆ ಫೋನು ಮಾಡಿದರು. "ಏನಮ್ಮಾ, ನನ್ನ ಮಗನ ಕೈಲಿ ನೀರು ಹೊರಿಸಿದೆಯಂತೆ!" ಎಂದು ಶುರುಮಾಡಿದವರು, "ಮನೇಲಿ ಒಂದು ಲೋಟ ಎತ್ತಿಡೋನಲ್ಲ ಅವನು" ಎಂದು ಮುಗಿಸಿದರು.

ಪದಕ ಕೊಡುವ ಹೊತ್ತು ಬಂತು. ಹಲ್ಲಣ್ಣನಿಗೆ ಒಗೆದ ಅಂಗಿ ತೊಡಿಸಿ ತಲೆ ಬಾಚಿದವನು ಬಾಣನೇ. ನಾವೆಲ್ಲ ಬೇಲಿಯ ಬಳಿ ಜಾಗ ಹಿಡಿದೆವು. ಅಷ್ಟರಲ್ಲಿ ಒಬ್ಬ ಕಾವಲುಗಾರ ಓಡೋಡಿ ಬಂದ. ನಮ್ಮ ಕಾರು ಆಂಬುಲೆನ್ಸಿಗೆ ಅಡ್ಡ ನಿಂತಿದೆ, ಈಗಲೇ ತೆಗೆಯಬೇಕು. ನಾನು ತೆಗೆಯುತ್ತೇನೆಂದೆ. "ನೀವು ಹಿಂದಕ್ಕೆ ತಗೊಂಡರೆ ಇನ್ನೆರಡು ಆಂಬುಲೆನ್ಸು ಬೇಕಾಗುತ್ತೆ" ಎಂದು ಕೀಲಿ ಕಿತ್ತುಕೊಂಡು ಅವಳೇ ಹೋದಳು. ಸರಿಯಾಗಿ ಆಗಲೇ ಅವನ ಹೆಸರು ಕರೆದರು. ಹಲ್ಲಣ್ಣ ಮೆಟ್ಟಿಲ ಮೇಲೆ ನಿಂತು, ಕೊರಳಿಗೆ ಪದಕ ಬೀಳುವಾಗ ಜನರ ನಡುವೆ ಅಕ್ಕನನ್ನು ಹುಡುಕುತ್ತಿದ್ದ. ಬಾಣ ಎರಡು ಬೆರಳು ಬಾಯಿಗಿಟ್ಟು ಹಾಕಿದ ಸಿಳ್ಳಿಗೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು.

ಅವಳು ತಿರುಗಿ ಬಂದಾಗ ಎಲ್ಲ ಮುಗಿದು ಜನ ಚದುರುತ್ತಿದ್ದರು.

"ನೋಡೋಕೇ ಆಗಲಿಲ್ಲವಲ್ಲೇ ನಿನಗೆ" ಎಂದೆ.

"ಯಾರು ಹೇಳಿದ್ದು? ಹಿಂದಕ್ಕೆ ತಗೊಳ್ಳೋವಾಗ ಕನ್ನಡಿಯಲ್ಲಿ ಪೂರ್ತಿ ಕಂಡಿತು" ಎಂದಳು. "ಅರ್ಧ ದಾರಿಯಲ್ಲೇ ನಿಲ್ಲಿಸಿ ನೋಡಿದೆ. ಆ ಕಾವಲಿನವನು ಎಷ್ಟು ಸೀಟಿ ಊದಿದನೋ ಪಾಪ."

ಹಲ್ಲಣ್ಣ ಪದಕವನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು ನಮ್ಮ ಕಡೆ ಬರುತ್ತಿದ್ದ. ದಾರಿಯಲ್ಲಿ ಹಸಿರು ಅಂಗಿಯವನು ಸಿಕ್ಕಿ ಕೈ ಚಾಚಿದ. ಇಬ್ಬರೂ ಭಾಷೆ ಬಾರದೆ ಒಬ್ಬರ ಕಾಲು ಒಬ್ಬರು ತೋರಿಸಿಕೊಂಡು ನಕ್ಕರು. ನನ್ನ ಹೆಂಡತಿ ಕಾರಿನ ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲಿದ್ದ ಚಕ್ರಗಳನ್ನು ಒಂದು ಪಕ್ಕಕ್ಕೆ ಸರಿಸಿ, ಅವನು ಕೂರಲು ಜಾಗ ಮಾಡತೊಡಗಿದಳು.